ನಾಲ್ಕನೆಯ ಮಣಿಗೆ ಕಟ್ಟಿದ ದಾರ

ಅದನ್ನು ಸೊಟ್ಟ ಎಂದವರಲ್ಲಿ ಒಬ್ಬನೂ ತನ್ನ ಜನ್ಮದಲ್ಲಿ ಒಂದು ಸರ ಪೋಣಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದಿನದನ್ನು ಬರೆಯಲು ನನಗೆ ಕೈ ಏಳುವುದಿಲ್ಲ.

ನಮ್ಮದು ಸರ ಪೋಣಿಸುವ ಮನೆತನ. ಅಕ್ಕಸಾಲಿಗ ಬಂಗಾರದ ಗುಂಡು ಮಾಡುತ್ತಾನೆ, ವ್ಯಾಪಾರಿ ಹವಳ ತರುತ್ತಾನೆ. ಆದರೆ ಅವು ಹೆಣ್ಣುಮಗಳ ಕೊರಳಿಗೆ ಏರಬೇಕಾದರೆ ನಮ್ಮ ದಾರ ಬೇಕು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟು, ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಅಪ್ಪನ ಮುಂದೆ ಕುಳಿತವನು. ಅಪ್ಪ ಕಲಿಸಿದ ಮೊದಲ ಪಾಠ ಇಷ್ಟೇ: ಎಡಕ್ಕೆ ಏನು ಬಂತೋ ಬಲಕ್ಕೂ ಅದೇ ಬರಬೇಕು. ನಡುವೆ ಪದಕ, ಅದರ ಎರಡೂ ಬದಿಗೆ ಹವಳ, ಹವಳದಾಚೆ ಗುಂಡು. ಒಂದು ಬದಿಗೆ ಒಂದು ಕರಿಮಣಿ ಹೆಚ್ಚಾದರೂ ಅಪ್ಪ ಇಡೀ ಸರ ಬಿಚ್ಚಿಸುತ್ತಿದ್ದ. ಅರವತ್ತರ ದಶಕದ ಹೊತ್ತಿಗೆ ಅಪ್ಪ ಇರಲಿಲ್ಲ. ನಾನೂ ಅಣ್ಣನೂ ಕೂಡಿ ಕಸುಬು ನಡೆಸುತ್ತಿದ್ದೆವು. ಅಣ್ಣ ಮನೆಯಲ್ಲಿ ಕುಳಿತು ಊರ ಕೆಲಸ ನೋಡುತ್ತಿದ್ದ. ನಾನು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸಂತೆ ತಿರುಗುತ್ತಿದ್ದೆ. ಆ ನಾಲ್ಕೂ ಕಡೆ ಹೆಂಗಸರು ಗಂಟು ನೋಡಿಯೇ ಇದು ಅವನ ಕೈಯದು ಎಂದು ಹೇಳುತ್ತಿದ್ದರು. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಮ್ಮೂರು ಶಿಗ್ಗಾವಿ ತಾಲೂಕಿನದು. ಹೆಸರು ಬರೆಯುವುದಿಲ್ಲ, ಬರೆದರೆ ಅದಕ್ಕೆ ಮಾನ ಕೊಟ್ಟಂತಾಗುತ್ತದೆ. ಹೊಲ, ಗಿರಣಿ, ಅಡತಿ ಅಂಗಡಿ ಎಲ್ಲ ಇದ್ದ ಒಬ್ಬ ಧಣಿ ಅಲ್ಲಿ ಒಂದು ಹೈಸ್ಕೂಲು ತೆಗೆಸಿದ್ದ. ಶಾಲೆಯ ಮಂಡಳಿಗೆ ಅವನೇ ಚೇರ್ಮನ್. ಆ ಶಾಲೆಗೆ ವಿಜ್ಞಾನ ಕಲಿಸಲು ಬಂದವರು ಚಿಕ್ಕೇರೂರಿನ ಕಡೆಯ ಒಬ್ಬ ಹುಡುಗ ಮಾಸ್ತರರು. ಒಕ್ಕಲುತನದ ಮನೆಯವರು, ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ್ದರು. ನೌಕರಿ ಖಾಯಂ ಆಗಿರಲಿಲ್ಲ. ವರ್ಷದ ಕೊನೆಗೆ ಮಾಡುತ್ತೇವೆ ಎಂದು ಮಂಡಳಿಯವರು ಹೇಳಿದ್ದರು. ಹಾಗೆ ಹೇಳಿ ವರ್ಷವೇ ದಾಟಿಹೋಗಿತ್ತು. ಈಗ ಧಾರವಾಡದಿಂದ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಶಾಲೆಯಲ್ಲಿ ವಿಜ್ಞಾನದ ಪ್ರದರ್ಶನ ಇಟ್ಟು ತೋರಿಸಬೇಕು, ಸಾಹೇಬರು ಒಳ್ಳೆಯ ಮಾತಾಡಿದರೆ ನೌಕರಿ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಚೇರ್ಮನ್ ಇದನ್ನು ಎಲ್ಲರೆದುರಿಗೆ, ನಗುತ್ತ ಹೇಳಿದ್ದನಂತೆ.

ಮಾಸ್ತರರು ಒಂದು ಮುಂಜಾನೆ ನಮ್ಮ ಕಟ್ಟೆಗೆ ಬಂದರು. ಅಣ್ಣ ಒಂದು ಬೋರಮಾಳ ಸರಕ್ಕೆ ಗಂಟು ಹಾಕುತ್ತಿದ್ದ.

"ನನಗೊಂದು ಸರಾ ಬೇಕಾಗೇತ್ರಿ," ಎಂದರು.

"ಲಗ್ನ ಠರಾವಾತೇನ್ರಿ ಮಾಸ್ತರ?" ಎಂದ ಅಣ್ಣ.

"ಲಗ್ನಕ್ಕಲ್ರಿ, ಪ್ರೋಟೀನಿಗೆ."

"ಅದ್ಯಾವ ಊರ ಬೀಗರು?"

ಮಾಸ್ತರರು ನಕ್ಕು ಕಟ್ಟೆಯ ಮೇಲೆ ಕುಳಿತರು. ಆಮೇಲೆ ನನ್ನ ಕಡೆ ತಿರುಗಿ ಹೇಳತೊಡಗಿದರು. "ನಿಮ್ಮ ಮೀಸಿ ಕೂದಲಾ, ಕುರೀ ಉಣ್ಣೆ, ಎತ್ತಿನ ಕೋಡು, ಇವೆಲ್ಲಾ ಒಂದು ನಮೂನಿ ಸರಾನ ಅದಾವ ನೋಡ್ರಿ. ಅಮೈನೋ ಆಮ್ಲ ಅಂತ ಮಣಿ. ಇಪ್ಪತ್ತು ಜಾತಿ ಮಣಿ. ಎಲ್ಲಾನೂ ಅವನ್ನ ಪವಣಿಸಿದ್ದು."

"ಯಾರು ಪವಣಿಸ್ಯಾರ?"

"ಅದನ್ನ ನನಗ ಕೇಳಬ್ಯಾಡ್ರಿ, ಗುಡೀಗೆ ಹೋಗಿ ಕೇಳ್ರಿ. ಆದ್ರ ಒಂದು ಮಾತು. ಈ ಸರಾ ಜೋತು ಬೀಳಂಗಿಲ್ಲ. ತನ್ನಷ್ಟಕ್ಕ ತಾನ ಸುರುಳಿ ಸುತ್ತತೈತಿ. ಎಲ್ಲಿ ಸುತ್ತಬೇಕು, ಎಲ್ಲಿ ಮುರೀಬೇಕು ಅನ್ನೋದು ಯಾವ ಮಣಿ ಎಲ್ಲಿ ಕುಂತೈತಿ ಅನ್ನೋದರ ಮ್ಯಾಲ. ಇದನ್ನ ಹುಡುಗ್ರಿಗೆ ಕಣ್ಣಿಗೆ ತೋರಿಸಬೇಕಂತೇನಿ. ಬಾಯಿಲೆ ಹೇಳಿದ್ರ ಯಾರ ನಂಬ್ತಾರ?"

ಅಣ್ಣ ತಲೆ ಎತ್ತಲಿಲ್ಲ. "ತಮ್ಮಾ, ನೀನ ನೋಡಪಾ. ಮಂದೀ ಸರಾ ಬಿಟ್ಟು ಕುರೀ ಕೂದಲಾ ಪವಣಿಸೋದು ನನಗ ಒಗ್ಗಂಗಿಲ್ಲ," ಎಂದ.

ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿದೆ ಎಂದರೆ, ಆ ಊರಿನಲ್ಲಿ ನನ್ನ ಕಸುಬನ್ನು ಕೆಲಸ ಎಂದು ಕರೆದು ಕಟ್ಟೆಯ ಮೇಲೆ ಸರಿಸಮನಾಗಿ ಕುಳಿತ ಓದಿದ ಮನುಷ್ಯ ಅವರೊಬ್ಬರೇ.

ಸವಣೂರು ಪೇಟೆಯಿಂದ ಎತ್ತಿನ ಕೊರಳಿಗೆ ಕಟ್ಟುವ ಕಟ್ಟಿಗೆಯ ಮಣಿ ತಂದೆ. ಹೊಲಿಗೆ ದಾರದಲ್ಲಿ ಇದು ನಿಲ್ಲುವುದಿಲ್ಲವೆಂದು ಸಣ್ಣ ಹಿತ್ತಾಳೆ ತಂತಿ ತಂದೆ. ಪ್ರತಿ ಮಣಿಗೂ ತಂತಿ ಹಾಯಲು ಒಂದು ತೂತು ಇತ್ತು. ಅಡ್ಡಕ್ಕೆ ಇನ್ನೊಂದು ತೂತು ಕೊರೆದೆ. ಜೊತೆಗೆ ಪ್ರತಿ ಮಣಿಯಿಂದ ಒಂದು ಕೆಂಪು ರೇಷ್ಮೆ ಎಳೆ ಹೊರಡಬೇಕು. ಸಂತೆ ಇಲ್ಲದ ದಿನ ಮಾಸ್ತರರು ಶಾಲೆ ಬಿಟ್ಟ ಮೇಲೆ ಬರುತ್ತಿದ್ದರು. ಪರಾತದಲ್ಲಿ ಮಣಿಗಳನ್ನು ಸಾಲಾಗಿ ಇಟ್ಟು ಒಂದೊಂದರ ಗುಣ ಹೇಳುತ್ತಿದ್ದರು, ಸಂಬಂಧಿಕರನ್ನು ಗುರುತು ಮಾಡಿಕೊಡುವಂತೆ.

ಹಸಿರು ಮಣಿಯ ಹೆಸರು ಅಲನಿನ್. ಮಣಿಗೆ ಇಳಿಬಿಟ್ಟ ಗೊಂಡೆಯೇ ಅದರ ಬಾಲ; ಇದರದು ಸಣ್ಣ ಬಾಲ, ಸಾದಾ ಸ್ವಭಾವ, ಸುರುಳಿಗೆ ಹೇಳಿ ಮಾಡಿಸಿದ್ದು. ಹಳದಿಯದು ಲ್ಯೂಸಿನ್, ಅದಕ್ಕೆ ದೊಡ್ಡ ಗೊಂಡೆ ಬೇಕು ಎಂದರು, ಕಟ್ಟಿದೆ. ನೀಲಿಯದು ಗ್ಲುಟಾಮಿಕ್. ಅಲ್ಲೊಂದು ಇಲ್ಲೊಂದು ಇದ್ದರೆ ಸುರುಳಿಯಲ್ಲಿ ಕೂರುತ್ತದೆ. ಒಂದರ ಪಕ್ಕ ಒಂದು ಗುಂಪು ಕಟ್ಟಿದರೆ, "ಎರಡು ಹಾಯೋ ಹೋರಿ ಒಂದ ಗ್ವಾದ್ಲಿಗೆ ಕಟ್ಟಿದಂಗ" ದೂರ ದೂರ ತಳ್ಳಾಡುತ್ತವೆ. ತೀರ ಸಣ್ಣ ಕರಿ ಮಣಿಯ ಹೆಸರು ಗ್ಲೈಸಿನ್. ಅದಕ್ಕೆ ಬಾಲವೇ ಇಲ್ಲ, ಆದ್ದರಿಂದ ಎತ್ತ ಬೇಕಾದತ್ತ ಹೊರಳುತ್ತದೆ. ಹೊರಳುವವನನ್ನು ನಂಬಿ ಸುರುಳಿ ನಿಲ್ಲುವುದು ಕಷ್ಟ. ಇವನ್ನೆಲ್ಲ ಪೋಣಿಸಿದ ಮೇಲೆ ಒಂದೇ ಕಟ್ಟಳೆ. ಪ್ರತಿ ಮಣಿಯ ಕೆಂಪು ಎಳೆ ತನ್ನಿಂದ ಮುಂದಿನ ನಾಲ್ಕನೆಯ ಮಣಿಯ ಅಡ್ಡ ತೂತಿಗೆ ಹೋಗಬೇಕು. ಪಕ್ಕದವನ ಕೈ ಹಿಡಿಯುವಂತಿಲ್ಲ, ನಾಲ್ಕನೆಯವನದೇ ಹಿಡಿಯಬೇಕು.

ಮೊದಲು ನನಗೆ ನಂಬಿಕೆ ಇರಲಿಲ್ಲ. ಹಸಿರು ಹಳದಿ ಮಣಿಗಳ ಒಂದು ಗೇಣು ಉದ್ದ ಪೋಣಿಸಿ, ಎಳೆಗಳನ್ನು ನಾಲ್ಕನೆಯದಕ್ಕೆ ಸೇರಿಸಿ, ಒಂದೊಂದಾಗಿ ಬಿಗಿಯುತ್ತ ಹೋದೆ. ನಾನು ತಂತಿಯನ್ನು ಬಾಗಿಸಲಿಲ್ಲ. ಎಳೆ ಬಿಗಿದಂತೆ ತಂತಿ ತಾನೇ ತಿರುಗಿತು. ಒಂದು ಸುತ್ತಿಗೆ ಮೂರೂವರೆಗಿಂತ ತುಸು ಹೆಚ್ಚು ಮಣಿ, ಮೇಲೊಂದು ಸುತ್ತು, ಅದರ ಮೇಲೊಂದು. ಗೊಂಡೆಗಳೆಲ್ಲ ಹೊರಗೆ ಮುಖ ಮಾಡಿ ನಿಂತವು. ಹಲಗೆಯ ಮೇಲೆ ಇಟ್ಟರೆ ನೆಟ್ಟಗೆ ನಿಂತಿತು. ಅವ್ವ ಒಳಗಿನಿಂದ ಬಂದು, "ಅಯ್ಯ, ಹಾವು ಎದ್ದು ನಿಂತಂಗ ನಿಂತೈತಲ್ಲೋ!" ಎಂದಳು.

ಜಗಳ ಆದದ್ದು ಕೆಂಪು ಮಣಿಯ ಮೇಲೆ. ಅದರ ಅಡ್ಡ ತೂತಿಗೆ ಮಾಸ್ತರರು ಅರಗು ತುಂಬಿ ಮುಚ್ಚಿದ್ದರು. ಎಳೆ ಕಟ್ಟಲು ಹೋದರೆ ದಾರಿಯೇ ಇಲ್ಲ.

"ಈ ಮಣಿ ಖೊಟ್ಟಿ ಐತ್ರಿ ಮಾಸ್ತರ."

"ಖೊಟ್ಟಿ ಅಲ್ರಿ. ಪ್ರೋಲಿನ್ ಅಂತ. ಅದು ತನ್ನ ಬಾಲಾ ತಿರುವಿ ತನ್ನ ಬೆನ್ನಿಗೇ ಕಟ್ಟಿಕೊಂಡೈತಿ. ಹಿಂದಿನಾಂವ ಕೈ ಚಾಚಿದ್ರ ಹಿಡಿಯಾಕ ಅದರ ಹಂತ್ಯಾಕ ಏನೂ ಇಲ್ಲ."

"ಹಂಗಾದ್ರ ಅಲ್ಲಿ ಸುರುಳಿ ಸೊಟ್ಟ ಆಕ್ಕೈತಿ."

"ಆಗಬೇಕ. ಅದ ಪಾಠ."

ನನಗೆ ಸಿಟ್ಟು ಬಂತು. ನನ್ನ ಕೈಯಿಂದ ಸೊಟ್ಟ ಮಾಲು ಹೊರಗೆ ಹೋಗುವುದಿಲ್ಲ, ಬೇಕಾದರೆ ಬೇರೆಯವರ ಕಡೆ ಮಾಡಿಸಿರಿ ಎಂದೆ. ಮಾಸ್ತರರು ಸಿಟ್ಟಾಗಲಿಲ್ಲ. "ನಿಮ್ಮ ಮೊಣಕಾಲು ಸೊಟ್ಟ ಆಗಲಿಲ್ಲಂದ್ರ ನೀವು ಹಿಂಗ ಕುಂಡ್ರಾಕ ಬರ್ತಿತ್ತೇನ್ರಿ?" ಎಂದರು. ನಾನು ಮಡಚಿ ಕುಳಿತ ನನ್ನ ಕಾಲನ್ನು ನೋಡಿಕೊಂಡೆ. ತಂತಿಯನ್ನು ಮತ್ತೆ ಕೈಗೆ ತೆಗೆದುಕೊಂಡೆ.

ಕಡೆಗೆ ಸರ ಹೀಗಾಯಿತು. ಮೊದಲು ಒಂದು ಉದ್ದನೆಯ ಸುರುಳಿ. ಅದರ ತುದಿಗೆ ಒಂದು ಕೆಂಪು ಮಣಿ, ಅಲ್ಲಿ ಮೊಣಕಾಲಿನಂಥ ಬಾಗು. ಆಚೆಗೆ ಇನ್ನೊಂದು ಸುರುಳಿ. ಆಮೇಲೆ ಕೆಂಪು ಮಣಿ, ಸಣ್ಣ ಕರಿ ಮಣಿಗಳ ಒಂದು ಗುಂಪು. ಅಲ್ಲಿ ಸುರುಳಿಯೇ ಇಲ್ಲ, ಸರದ ತುದಿ ಬಿಚ್ಚಿಕೊಂಡು ಬಿದ್ದಿರುತ್ತದೆ. ಎಡಬಲ ಹೊಂದಿಕೆ ಎಂಬುದು ಹುಡುಕಿದರೂ ಇಲ್ಲ. ಅಪ್ಪ ಇದ್ದಿದ್ದರೆ ಮನೆ ಬಿಟ್ಟು ಓಡಿಸುತ್ತಿದ್ದ. ಆದರೂ ಅದರ ಒಂದೊಂದು ಗಂಟೂ ನನ್ನದೇ, ಒಂದೂ ಸಡಿಲ ಇರಲಿಲ್ಲ.

ಸರವನ್ನು ಶಾಲೆಗೆ ಮುಟ್ಟಿಸಿ, ಪ್ರದರ್ಶನದ ಹಿಂದಿನ ದಿನ ನಾನು ಹಿರೇಕೆರೂರು ಸಂತೆಗೆ ಹೋಗಿದ್ದೆ. ಅಲ್ಲೊಂದು ಮದುವೆ ಮನೆಯ ಕೆಲಸ ಇದ್ದುದರಿಂದ ವಸ್ತಿ ಉಳಿದು, ಮರುದಿನ ಮುಂಜಾನೆಯ ಬಸ್ಸಿಗೆ ಹೊರಟೆ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

"ನಿನ್ನಿ ಹೆಡ್‌ಮಾಸ್ತರ್ರು ನಿಮ್ಮ ಸರಾ ಹೊತ್ತುಕೊಂಡು ಬಂದಿದ್ರು," ಎಂದಳು. "ಸಾಹೇಬ್ರು ಬರೂ ಹೊತ್ತಿನ್ಯಾಗ ಹಿಂತಾ ಸೊಟ್ಟಂದು ಹೆಂಗ ಇಡೂದು, ಚೇರ್ಮನ್ರು ಬೈತಾರ, ನೆಟ್ಟಗ ಮಾಡಿ ಕೊಡ್ರಿ ಅಂದ್ರು. ನಿಮ್ಮಣ್ಣ ಎಲ್ಲಾ ಬಿಚ್ಚಿ ಛಂದಂಗ ಪವಣಿಸಿ ಕೊಟ್ಟಾನ. ಮಾಸ್ತರ್ರು ಬಂದಿದ್ದಿಲ್ಲ."

ಬಿಚ್ಚಿ! ಕೈಚೀಲ ಅಲ್ಲೇ ಒಗೆದು ಶಾಲೆಗೆ ಓಡಿದೆ.

ಸಾಹೇಬರು ಆಗಲೇ ಒಳಗಿದ್ದರು. ಬಾಗಿಲಲ್ಲಿ ಊರ ಮಂದಿ ತುಂಬಿದ್ದರು, ನಮ್ಮಣ್ಣನೂ ಇದ್ದ. ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ ನನ್ನ ಸರ. ನನ್ನದಲ್ಲ, ಅಣ್ಣನದು. ಅಪ್ಪ ಕಲಿಸಿದ ಹಾಗೆ ಮಾಡಿದ್ದ. ನಡುವೆ ಪದಕದ ಜಾಗದಲ್ಲಿ ದೊಡ್ಡದೊಂದು ಹಳದಿ, ಅದರ ಎರಡೂ ಬದಿಗೆ ಕೆಂಪು, ಮೂರು ಮಣಿಗೊಂದು ಕೆಂಪು, ಕೆಂಪಿನ ಪಕ್ಕ ಕರಿ. ಎಡಕ್ಕೆ ಬಂದದ್ದು ಬಲಕ್ಕೆ ಬಂದಿತ್ತು. ತುದಿಯಲ್ಲಿ ಗುಂಪಾಗಿದ್ದ ಕೆಂಪು ಮಣಿಗಳನ್ನೆಲ್ಲ ಹವಳವೆಂದು ತಿಳಿದು ಸರದ ತುಂಬ ಹಂಚಿಬಿಟ್ಟಿದ್ದ. ಮೂರು ಹೆಜ್ಜೆಗೊಂದು ಮುಚ್ಚಿದ ಬಾಗಿಲು ಇಟ್ಟರೆ ಯಾವ ಮಣಿ ಯಾರ ಕೈ ಹಿಡಿಯಬೇಕು? ಹಿಡಿಯಲಾಗದೆ ಉಳಿದ ಎಳೆಗಳನ್ನು ಅಂದಗೇಡಿ ಎಂದು ಕತ್ತರಿಸಿ ಹಾಕಿದ್ದ. ಸರ ಸತ್ತ ಹಾವಿನ ಹಾಗೆ ಜೋಲು ಬಿದ್ದಿತ್ತು. ನೋಡಲು ಛಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ಯಾವ ಎತ್ತಿನ ಕೊರಳಿಗಾದರೂ ಕಟ್ಟಬಹುದಿತ್ತು.

ಮಾಸ್ತರರು ಅದನ್ನು ನೋಡಿದ್ದು ಸಾಹೇಬರ ಜೊತೆಗೇ, ಆ ಹೊತ್ತಿಗೇ. ಅವರ ಮುಖದ ಬಣ್ಣ ಹೋಯಿತು.

"ಇದು ಸುರುಳಿ ಅಂದ್ರಲ್ಲ, ಎಲ್ಲಿದೆ ಸುರುಳಿ?" ಎಂದು ಸಾಹೇಬರು ಕೇಳಿದರು.

ಮಾಸ್ತರರು ಸರ ಕೈಗೆತ್ತಿಕೊಂಡರು. "ಮಣಿ ಅವೇ ಇವೆ ಸರ್, ಕೂತ ಜಾಗ ಬದಲಾಗಿದೆ. ನಾನು ಕೊಟ್ಟ ಅನುಕ್ರಮದಲ್ಲಿ ಸುರುಳಿ ಇತ್ತು. ಈ ಅನುಕ್ರಮದಲ್ಲಿ ಬರುವುದಿಲ್ಲ. ಈಗ ಹುಡುಗರಿಗೆ ಇದನ್ನೇ ತೋರಿಸ್ತೀನಿ," ಎಂದರು. ಅಷ್ಟು ಹೇಳಿ, ಒಂದು ಕೆಂಪು ಮಣಿ ಎತ್ತಿ ಹಿಡಿದು, ಅದು ಯಾಕೆ ಕೈ ಕೊಡಲಾರದು ಎಂದು ವಿವರಿಸಿಯೂ ಬಿಟ್ಟರು. ಸಾಹೇಬರು ತಲೆದೂಗಿದರು. ಅಷ್ಟಕ್ಕೇ ನಿಂತಿದ್ದರೆ ನೌಕರಿ ಉಳಿಯುತ್ತಿತ್ತು. ಆದರೆ ಸಾಹೇಬರು ಇನ್ನೊಂದು ಪ್ರಶ್ನೆ ಕೇಳಿದರು: "ಬದಲು ಮಾಡಿದವರು ಯಾರು?"

ಮಾಸ್ತರರು ಹೆಡ್‌ಮಾಸ್ತರರ ಕಡೆ ನೋಡಿದರು. ಅಂವ ಗೋಡೆಯ ಗಡಿಯಾರ ನೋಡಿದ. ಚೇರ್ಮನ್ ಮುಂದೆ ಬಂದ. "ಸಾಹೇಬ್ರ, ಹೊಸಾ ಹುಡುಗ್ರು. ತಾವ ಕೆಡಿಸಿ ಇನ್ನೊಬ್ಬರ ಮ್ಯಾಲ ಹಾಕೂದು ಇದ್ದದ್ದ."

ನನಗೆ ತಡೆಯಲಾಗಲಿಲ್ಲ. ಮಂದಿಯನ್ನು ಸರಿಸಿ ಒಳಗೆ ಹೋದೆ. "ನಿನ್ನಿ ಇದನ್ನ ನಮ್ಮ ಮನೀಗೆ ಹೊತ್ತುಕೊಂಡು ಬಂದಾವ್ರು ಯಾರ್ರಿ ಹೆಡ್‌ಮಾಸ್ತರ? ಹೇಳ್ರಿ!"

"ನಾ ಯಾಕ ಬರ್ಲಿ?" ಎಂದನಲ್ಲ ಆ ಮನುಷ್ಯ! ಬಿಳಿ ಟೋಪಿ ಹಾಕಿಕೊಂಡು, ಸರಸ್ವತಿಯ ಫೋಟೋದ ಕೆಳಗೆ ನಿಂತು!

"ನಮ್ಮಣ್ಣ ಇಲ್ಲೇ ಅದಾನ, ಅವನ್ನ ಕೇಳ್ರಿ," ಎಂದೆ. ಎಲ್ಲರೂ ಬಾಗಿಲ ಕಡೆ ತಿರುಗಿದರು.

ಅಣ್ಣ ಒಳಗೆ ಬಂದು ಕೈ ಮುಗಿದ. ನನ್ನ ಕಡೆ ನೋಡಲಿಲ್ಲ, ಚೇರ್ಮನ್‌ನ ಕಡೆ ನೋಡಿದ. "ನಾನ ಪವಣಿಸೇನ್ರಿ. ಮಾಸ್ತರ್ರ ಹೇಳಿ ಕಳಿಸಿದ್ರು, ಹಿಂಗ ಮಾಡು ಅಂತ," ಎಂದ.

ಒಂದು ಮಾತು. ಅಷ್ಟೇ. ಮಾಸ್ತರರು ಅವನನ್ನು ಸುಮ್ಮನೆ ನೋಡಿದರು. ಸಾಹೇಬರ ಮುಖ ಗಟ್ಟಿಯಾಯಿತು. "ವಿಜ್ಞಾನ ಹೇಳುವವನಿಗೆ ಮೊದಲು ನಿಜ ಹೇಳಲು ಬರಬೇಕು," ಎಂದು ಮುಂದಿನ ಮೇಜಿಗೆ ನಡೆದರು. ನನ್ನನ್ನು ಬಿಟ್ಟರೆ ಅಲ್ಲಿದ್ದವರಲ್ಲಿ ನಿಜ ಹೇಳಿದವರು ಮಾಸ್ತರರು ಒಬ್ಬರೇ; ಆ ಮಾತು ಬಿದ್ದದ್ದು ಅವರ ತಲೆಯ ಮೇಲೆಯೇ. ನಾನು ಇನ್ನೂ ಕೂಗುತ್ತಿದ್ದೆ. ಶಾಲೆಯ ಜವಾನ ಮತ್ತು ಧಣಿಯ ಆಳು ಸೇರಿ ನನ್ನ ರಟ್ಟೆ ಹಿಡಿದು ಹೊರಗೆ ತಂದುಬಿಟ್ಟರು.

ಮರುದಿನ ಮಂಡಳಿಯವರು ಮಾಸ್ತರರಿಗೆ ನಾಳೆಯಿಂದ ಬರಬೇಡಿರಿ ಎಂದರು. ಅವರು ಟ್ರಂಕು ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ನಾನು ಹೋದೆ. ಕ್ಷಮೆ ಕೇಳಲು ಹೋಗಿರಲಿಲ್ಲ, ಜಗಳಕ್ಕೇ ಹೋಗಿದ್ದೆ.

"ಯಾಕ ಸುಮ್ಮ ನಿಂತ್ರಿ? ಸುಳ್ಳ ಹೇಳ್ತಾನ ಅಂತ ಯಾಕ ಒದರಲಿಲ್ಲ?"

"ಒದರಿದ್ರ ನಿಮ್ಮಣ್ಣ ಇನ್ನೊಂದು ಸುಳ್ಳು ಹೇಳ್ತಿದ್ದ. ಅವಂಗೇನು ಹೊರೀ ಹೊರಸೂದು."

"ಹೊರೀಲಿ! ಹೇಳಿದಾಂವ ಅವನ, ಅವನ ಹೊರೀಲಿ! ನಾ ಅವನ್ನ ಎಳಕೊಂಡ ಧಾರವಾಡಕ್ಕ ಬರ್ತೇನಿ. ಸಾಹೇಬ್ರ ಮುಂದ ನಿಂದರಿಸಿ ಖರೇ ಹೇಳಸ್ತೇನಿ. ಅಲ್ಲೀತನಕ ಊರ ಬಿಡಬ್ಯಾಡ್ರಿ."

"ಬಂದ್ರ ಕರಕೊಂಡ ಬರ್ರಿ," ಎಂದರು. "ಬಂದ್ರ ನನಗೂ ತಿಳಿಸ್ರಿ." ಬಸ್ಸು ಬಂತು. ಕಂಡಕ್ಟರ್ ಟ್ರಂಕು ಮೇಲೆ ಹಾಕಲು ಕೂಗಿದ. ಅವರಿಗೆ ಒಬ್ಬರೇ ಎತ್ತಲು ಆಗುತ್ತಿರಲಿಲ್ಲ. ನಾನೇ ಎತ್ತಿ ಕೊಟ್ಟೆ.

ಮನೆಗೆ ಬಂದು ಅಣ್ಣನ ಮುಂದೆ ನಿಂತೆ. "ನಡಿ ಧಾರವಾಡಕ್ಕ."

"ಹುಚ್ಚ ಹಿಡದೈತೇನ ನಿನಗ? ಧಣ್ಯಾರ ಮನ್ಯಾಗ ಮಗಳ ಲಗ್ನ ಐತಿ. ಸರಾ ಎಲ್ಲಾ ನಮ್ಮ ಕಡೆ ಬರ್ತಾವು."

"ಅದಕ್ಕ ಒಬ್ಬರ ಅನ್ನ ಕಸಗೊಂಡಿ?"

"ಮಾಸ್ತರ ಇಂದ ಬಂದಾಂವ, ನಾಳೆ ಹೋಗಾಂವ. ಚಿಕ್ಕೇರೂರಾಗ ಅವಂಗ ಹೊಲಾ ಐತಿ. ನಾವು ಇಲ್ಲೇ ಇರಬೇಕೋ ತಮ್ಮಾ. ಮತ್ತ ನಾ ಪವಣಿಸಿದ್ದರಾಗ ಏನ ತಪ್ಪೈತಿ ಹೇಳು? ಎಡಾ ಬಲಾ ನೋಡು, ಒಂದು ಮಣಿ ಹೆಚ್ಚು ಕಡಿಮಿ ಐತೇನ?"

ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. ಪೋಣಿಸಿದ್ದಕ್ಕೆ ನಾನು ಅವನನ್ನು ಬೈಯಲಿಲ್ಲ, ಬೈಯುವುದೂ ಇಲ್ಲ. ನಮ್ಮ ಮನೆಯಲ್ಲಿ ಯಾರೇ ಆದರೂ ಹಾಗೆಯೇ ಪೋಣಿಸುತ್ತಿದ್ದರು. ನನ್ನ ಸಿಟ್ಟು ಅವನ ಕೈಯ ಮೇಲೆ ಅಲ್ಲ, ಬಾಯಿಯ ಮೇಲೆ. ವಾರ ಕಳೆಯಿತು, ಎರಡು ವಾರ ಕಳೆಯಿತು. ದಿನಾ ಕೇಳಿದೆ, ಊಟಕ್ಕೆ ಕುಳಿತಾಗ ಕೇಳಿದೆ, ಅವ್ವನ ಎದುರಿಗೆ ಕೇಳಿದೆ. ಅವನು ಉಂಡು ಕೈ ತೊಳೆದು ಏಳುತ್ತಿದ್ದ. ನಾನೊಬ್ಬನೇ ಧಾರವಾಡಕ್ಕೆ ಹೋಗಿ ಸಾಹೇಬರ ಕಚೇರಿಯ ಮುಂದೆ ಒಂದು ದಿನ ಕುಳಿತು ಬಂದೆ. ಒಳಗೆ ಬಿಡಲಿಲ್ಲ. ಪೋಣಿಸಿದವನನ್ನೇ ಕರೆದುಕೊಂಡು ಬಾ ಎಂದರು.

ಆಮೇಲೆ ಧಣಿಯ ಮನೆಯಿಂದ ಮದುಮಗಳ ಕರಿಮಣಿ, ಬಂಗಾರದ ತಾಳಿ ಗುಳದಾಳಿ ತಾಟಿನಲ್ಲಿ ಬಂದವು. ಮದುಮಗಳ ಕರಿಮಣಿ ಪೋಣಿಸುವ ರೀತಿಯೇ ಬೇರೆ. ಮಡಿ ಉಟ್ಟು ಇಬ್ಬರು ಎದುರುಬದುರು ಕೂರಬೇಕು. ಒಬ್ಬ ದಾರದ ತುದಿ ಹಿಡಿಯಬೇಕು, ಇನ್ನೊಬ್ಬ ಪೋಣಿಸಬೇಕು. ಕೊನೆಯ ಗಂಟು ಬೀಳುವವರೆಗೆ ಏಳುವಂತಿಲ್ಲ. ತುದಿ ಹಿಡಿದವನು ಮನಸ್ಸಿನಲ್ಲಿ ಆ ಹೆಣ್ಣುಮಗಳಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಿರಬೇಕು. ನಮ್ಮ ಮನೆಯಲ್ಲಿ ಅಪ್ಪ, ಅವನಪ್ಪ ಎಲ್ಲರೂ ಹೀಗೆಯೇ ಮಾಡಿಕೊಂಡು ಬಂದವರು.

ಅಣ್ಣ ಮಣೆ ಹಾಕಿ, ದಾರಕ್ಕೆ ಮೇಣ ತಿಕ್ಕಿ, ತುದಿಯನ್ನು ನನ್ನ ಕಡೆ ಚಾಚಿದ. "ಹಿಡಿ."

"ಧಾರವಾಡಕ್ಕ ಬರ್ತೀಯೇನ?"

"ಶುಭದ ಹೊತ್ತಿನ್ಯಾಗ ಬ್ಯಾಡ ಆ ಮಾತು. ಹಿಡಿ."

"ಬರ್ತೀಯೋ ಇಲ್ಲೋ?"

ಆ ಹುಡುಗಿಯ ಮೇಲೆ ನನಗೆ ಏನೂ ಇರಲಿಲ್ಲ. ಆಕೆಗೆ ಒಳ್ಳೆಯದಾಗಲಿ ಎಂದು ಇಂದಿಗೂ ಅನ್ನುತ್ತೇನೆ. ಆದರೆ ಅವಳ ಅಪ್ಪನ ಮನೆಯ ದಾರವನ್ನು, ಆ ಸುಳ್ಳನ್ನು ಎದೆಯಲ್ಲಿಟ್ಟುಕೊಂಡು, ಒಳ್ಳೆಯ ಮನಸ್ಸಿನಿಂದ ಹಿಡಿಯುವುದು ನನ್ನಿಂದ ಆಗದ ಕೆಲಸ. ಆಗುತ್ತದೆ ಎಂದು ನಟಿಸುವುದೂ ನನಗೆ ಬರುವುದಿಲ್ಲ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

ಅಣ್ಣ ಬಹಳ ಹೊತ್ತು ತುದಿ ಚಾಚಿಕೊಂಡೇ ಕುಳಿತಿದ್ದ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದಿದ್ದಳು. ಕೊನೆಗೆ ಅವನು ಎದ್ದ, ಎಂದೂ ಏಳಬಾರದಾಗಿದ್ದವನು ಎದ್ದ. ತುದಿಯನ್ನು ಒಯ್ದು ಕಂಬದ ಮೊಳೆಗೆ ಕಟ್ಟಿದ. ಮತ್ತೆ ಬಂದು ಮಣೆಯ ಮೇಲೆ ಕುಳಿತು, ಕಂಬದ ಎದುರಿಗೆ, ಮೊದಲ ಕರಿಮಣಿ ಏರಿಸಿದ. ಮೊಳೆಗೆ ಕಟ್ಟಿದ ದಾರ ಜೋಲು ಬಿದ್ದು ಮಣಿ ಹಿಂದಕ್ಕೆ ಜಾರಿತು; ಮತ್ತೆ ಏರಿಸಿದ. ನಾನು ಅದನ್ನು ನೋಡಿದೆ. ನೋಡಿದರೂ ಮುಂದೆ ಹೋಗಲಿಲ್ಲ. ಹಿರೇಕೆರೂರಿಗೆ ಮಧ್ಯಾಹ್ನದ ಬಸ್ಸಿತ್ತು. ನನ್ನ ಪೆಟ್ಟಿಗೆಗೆ ನನ್ನ ಸೂಜಿ, ನನ್ನ ಮೇಣ, ನನ್ನ ದಾರದ ಉಂಡೆ ಮಾತ್ರ ಹಾಕಿಕೊಂಡು ಆ ಮನೆ ಬಿಟ್ಟು ಹೊರಬಿದ್ದೆ.